ಹಿಂಗಾಲಿನ ಪಾರ್ಟು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹುಡುಗಿಯರು ಕೂತಿದ್ದರು. ಒಬ್ಬಳ ತೊಡೆಯ ಮೇಲೆ ರಟ್ಟಿನ ಕುದುರೆತಲೆ, ಇನ್ನೊಬ್ಬಳ ಕೈಯಲ್ಲಿ ಅದರ ಉಲ್ಲನ್ ಬಾಲ.

“ಮುಂದಿನ ಶೋಗೆ ಮೇಷ್ಟ್ರು ನಂಗೆ ರಾಣಿ ಪಾರ್ಟು ಕೊಡ್ತಾರಂತೆ,” ಎಂದಳು ಬಾಲದವಳು.

“ಮತ್ತೆ ನಮ್ಮ ಕುದುರೆಯ ಹಿಂಗಾಲು?”

“ತಂಡದಲ್ಲಿ ಬೇರೆ ಯಾರಾದ್ರೂ ಆಗ್ಲಿ. ಎರಡು ತಿಂಗಳಿಂದ ಬಗ್ಗಿ ಬಗ್ಗಿ ಸೊಂಟ ಬಿದ್ದೋಯ್ತು. ಆ ನಾಟಕದಲ್ಲಿ ನಿನ್ನ ಬೆನ್ನು ಬಿಟ್ರೆ ನಾನು ಇನ್ನೇನೂ ನೋಡಿಲ್ಲ ಕಣೆ.”

“ನಂದೇನು ಸುಖಾನಾ? ನೀನು ಒಳಗೆ ಸೀನಿದ್ರೆ ನನ್ನ ಬೆನ್ನಿಗೆ ಸ್ನಾನ.”

“ನಮ್ಮಮ್ಮ ನಾಟಕ ಪೂರ್ತಿ ನೋಡಿ, ‘ನೀನು ಯಾವಾಗ ಬರ್ತೀಯೇ?’ ಅಂತ ಕೇಳಿದ್ಳು.”

ಇಬ್ಬರೂ ಕಿಸಕ್ಕೆಂದರು.

“ಆದ್ರೆ ಆವತ್ತು ನಾನು ಎಡವಿದಾಗ ನೀನು ಹಿಂದಿನಿಂದ ಒದ್ದು ಕುಣಿದುಬಿಟ್ಟೆಯಲ್ಲ, ಜನ ಬಿದ್ದು ಬಿದ್ದು ನಕ್ಕರು. ಚಪ್ಪಾಳೆ ಅಷ್ಟೂ ಹಿಂಗಾಲಿಗೇ.”

“ಒಳಗೆ ಕೇಳಿಸ್ತು. ಮೈಯೆಲ್ಲ ಝುಂ ಅಂತು.”

ತಲೆಯವಳು ರಟ್ಟಿನ ಕುದುರೆಯ ಕಿವಿ ನೆಟ್ಟಗೆ ಮಾಡಿದಳು.

“ರಾಣಿಗೆ ಎಷ್ಟು ಮಾತಿದೆ?”

“ನಾಲ್ಕು. ಆಮೇಲೆ ಸತ್ತುಹೋಗ್ತಾಳೆ.”

“ನಮ್ಮ ಕುದುರೆ?”

“ಅದು ಕೊನೇವರೆಗೂ ಇರುತ್ತೆ ಬಿಡು.”

ಅವರ ಸ್ಟಾಪು ಬಂತು. ತಲೆಯವಳು ಎದ್ದು ಬಾಗಿಲವರೆಗೆ ಹೋಗಿ, ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಹಿಂದೆ ತಿರುಗಲಿಲ್ಲ.

“ಇಳೀರಮ್ಮ ಬೇಗ!” ಎಂದ ಕಂಡಕ್ಟರ್.

ಬಾಲದವಳು ಹಿಂದಿನಿಂದ ಬಂದು ಗೆಳತಿಯ ಸೊಂಟ ಹಿಡಿದಳು.

“ಯಾವ ಕಾಲು?” ಮುಂದಿನವಳ ಪ್ರಶ್ನೆ.

“ಬಲಗಾಲು ಕಣೇ ಕತ್ತೆ!”

“ಕುದುರೆ ಅನ್ನು.”

ನಾಲ್ಕು ಕಾಲೂ ಒಂದೇ ಲಯದಲ್ಲಿ ಟಪಟಪನೆ ಇಳಿದು ಹೋದವು.