ಗ್ಯಾನಪ್ಪನಿಗೆ ಸನಾದಿ ಆರಿಸಿದ್ದು

ಈ ಸಭೆಯ ಅಧ್ಯಕ್ಷರೂ ಮನೆಯಲ್ಲಿ ನನ್ನ ಹಿರಿಯಣ್ಣನವರೂ ಆದ ದೊಡ್ಡಬಸಪ್ಪನವರೇ, ಗಂಗಾವತಿಯಿಂದ ದಯಮಾಡಿಸಿದ ಶಫೀಸಾಬರೇ, ಇಂದು ಸನ್ಮಾನ ಸ್ವೀಕರಿಸಲಿರುವ ಗ್ಯಾನಪ್ಪ ಭಜಂತ್ರಿಯವರೇ, ಕುಕನೂರಿನ ವರ್ತಕ ಬಂಧುಗಳೇ, ತಾಯಂದಿರೇ, ಸಭಿಕರೇ,

"ಉಮಾಪತಿ, ಎರಡ ಮಾತ ಹೇಳು, ಸನಾದಿ ಕೊಡು, ಸುಮ್ನ ಕುಂದರು" ಎಂದು ಅಣ್ಣನವರು ಬೆಳಿಗ್ಗೆಯೇ ಎಚ್ಚರಿಸಿದ್ದಾರೆ. ಅಡತಿ ಅಂಗಡಿಯಲ್ಲಿ ದಿನವಿಡೀ ದರ ಕೂಗುವವನ ಬಾಯಿಗೆ ಎರಡು ಮಾತು ಎಲ್ಲಿ ಸಾಕಾಗಬೇಕು?

ನಿಜಾಮರ ಆಳ್ವಿಕೆ ಹೋಗಿ ವರ್ಷವಾಯಿತು. ಅದಕ್ಕೂ ಹಿಂದಿನಿಂದ ಈ ಊರಿನಲ್ಲಿ ಗ್ಯಾನಪ್ಪನ ಸನಾದಿ ಇಲ್ಲದೆ ಯಾರ ಮದುವೆಯಲ್ಲಿ ಅಕ್ಕಿಕಾಳು ಬಿದ್ದಿದೆ? ಹೋದ ಬೇಸಿಗೆಯಲ್ಲಿ ಅವನ ತಂದೆಯ ಕಾಲದ ಸನಾದಿ ಸೀಳಿತು. ಹೊಸದು ಕೊಡಿಸಬೇಕೆಂದು ನಮ್ಮ ವರ್ತಕರ ಸಂಘ ನಿಶ್ಚಯಿಸಿ, ಆರಿಸುವ ಭಾರವನ್ನು ನನ್ನ ತಲೆಗೆ ಕಟ್ಟಿತು. ನನಗೇ ಏಕೆ? ಪುರುಸೊತ್ತು ಇದ್ದವನು ನಾನೊಬ್ಬನೇ, ಅಷ್ಟೇ.

ಒಂದನ್ನು ಮಿರಜದಿಂದ ತರಿಸಿದೆ. ಬೀಟೆ ಮರ, ಬೆಳ್ಳಿಯ ಕಟ್ಟು, ಮದುಮಗನಿಗಿಂತ ಚೆಂದ. ಇನ್ನೊಂದನ್ನು ಕಿನ್ನಾಳದಲ್ಲಿ ಗೊಂಬೆ ಮಾಡುವ ಕುಬೇರಪ್ಪ ಹಗುರ ಕಟ್ಟಿಗೆಯಲ್ಲಿ ಮಾಡಿಕೊಟ್ಟ. ಗೊಂಬೆ ಮಾಡುವ ಕೈ ಸುಮ್ಮನಿದ್ದೀತೇ? ಹೊರಗೆ ಗಿಳಿ, ಬಳ್ಳಿ ಬರೆದದ್ದಲ್ಲದೆ ಪ್ರೀತಿ ಹೆಚ್ಚಾಗಿ ಒಳಗಿನ ಕೊಳವೆಗೂ ಬಣ್ಣ ಹಚ್ಚಿಬಿಟ್ಟಿದ್ದ. ಊದಿದರೆ ನೆಗಡಿಯಾದ ಕರುವಿನ ದನಿ! ಮೂರನೆಯದು ಗಂಗಾವತಿಯಲ್ಲಿ ಬಂಡಿ ಮಾಡುವ ನಮ್ಮ ಶಫೀಸಾಬರ ಕೈಯದು. ಮುರಿದ ಬಂಡಿಗಾಲಿಯ ನಡುವಿನ ಜಾಲಿ ಕಟ್ಟಿಗೆ, ತುದಿಗೆ ಕಂಚಿನ ಬಟ್ಟಲು, ನೋಡಲು ಒರಟು. "ಬಿಸಲು ಮಳಿ ಎಲ್ಲಾ ಉಂಡ ಕಟ್ಟಿಗಿ ಐತ್ರಿ, ಇನ್ನ ಸೀಳಂಗಿಲ್ಲ" ಎಂದು ಅವರು ಕೈಗಿಟ್ಟರು.

ಮೂರನ್ನೂ ಹಿಡಿದು ಹುಲಿಗಿಯ ಹೊಳೆದಂಡೆಗೆ ಹೋದೆವು. ಗ್ಯಾನಪ್ಪ ಊದಿದ, ನಾನು ದೂರ ನಿಂತು ಕೇಳಿದೆ. ಮಿರಜದ್ದು ಹತ್ತಿರದಲ್ಲಿ ಸಕ್ಕರೆ, ದೂರ ಸರಿದಂತೆ ಸಪ್ಪೆ. ಜಾಲಿಯದು ದೂರ ಹೋದಷ್ಟೂ ತುಂಬಿಕೊಂಡು ಬಂತು. ಇದೇ ಇರಲಿ ಎಂದೆ. ಗ್ಯಾನಪ್ಪ ಒಪ್ಪಲಿಲ್ಲ.

"ಊದಾಂವಗ ತನ್ನ ದನಿ ತನಗ ಗೊತ್ತಾಗಂಗಿಲ್ರಿ ಸಾವ್ಕಾರ್ರ. ಮತ್ಯಾರರ ಊದಿದ್ರ ನಾ ದೂರ ನಿಂತು ಕೇಳ್ತಿದ್ದೆ."

ಆಗ ನಾನು ಊದಿದೆ.

ಅಣ್ಣಾ, ಸ್ವಲ್ಪ ನೀರು ಕುಡಿಯಿರಿ. ಸಭಿಕರೇ, ಈ ಮಾತು ಬರೆದುಕೊಂಡು ಬಂದ ಭಾಷಣದಲ್ಲಿ ಇರಲಿಲ್ಲ, ಬಾಯಿ ಜಾರಿ ಬಂತು. ಬಂದ ಮೇಲೆ ನುಂಗುವುದು ಹೇಗೆ?

ಹದಿನೆಂಟರ ಹರೆಯದಲ್ಲಿ, ಗ್ಯಾನಪ್ಪನ ತಂದೆ ಕಾಳಪ್ಪನವರ ಬಳಿ, ನಮ್ಮದೇ ಹತ್ತಿ ಹೊಲದ ಅಂಚಿನಲ್ಲಿ ನಾನು ಸನಾದಿ ಕಲಿತೆ. ಸಾವುಕಾರರ ಮನೆಯ ಮಗ ಭಜಂತ್ರಿಯ ಸನಾದಿಗೆ ಬಾಯಿ ಹಚ್ಚಿದ್ದು ತಿಳಿದರೆ ನನಗೆ ನಾಲ್ಕು ಬೈಗುಳ ಬೀಳುತ್ತಿದ್ದವು. ಅವರಿಗೆ? ಅವರಿಗೆ ಊರೇ ತಪ್ಪುತ್ತಿತ್ತು. ಆದರೂ ಕಲಿಸಿದರು. ಊದುವ ತುದಿಗೆ ಸಿಕ್ಕಿಸುವ ಹುಲ್ಲಿನ ಪೀಪಿಯನ್ನು ನನಗೆಂದೇ ಬೇರೆ ಮಾಡಿ, ಅರಿವೆಯಲ್ಲಿ ಸುತ್ತಿ ಇಟ್ಟಿರುತ್ತಿದ್ದರು.

"ಇದಕ್ಕ ನಮ್ಮ ಬಾಯಿ ಹತ್ತಿಲ್ರಿ ತಮ್ಮಾರ. ಗಲ್ಲ ಉಬ್ಬಸಬ್ಯಾಡ್ರಿ, ಹೊಟ್ಟಿಲೆ ಊದ್ರಿ."

ನನ್ನ ಮದುವೆಯಲ್ಲಿ ಹಂದರದ ಹೊರಗೆ ಕುಳಿತು ಊದಿದರು, ನನ್ನತ್ತ ನೋಡಿ ನಗಲೂ ಇಲ್ಲ. ಸಾಯುವವರೆಗೆ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ. ಅಂಥವರನ್ನು ನಾನು ಏನೆಂದು ಕರೆಯಬೇಕು? ಗುರುಗಳು. ಕಾಳಪ್ಪನವರು ನನ್ನ ಗುರುಗಳು.

ಹೊಳೆದಂಡೆಯಲ್ಲಿ ಇದ್ದದ್ದು ಗ್ಯಾನಪ್ಪನ ಪೀಪಿ ಒಂದೇ. ಅದನ್ನು ಅವನು ತೊಳೆದ, ಧೋತರದ ಸೆರಗಿನಿಂದ ಒರೆಸಿದ, ಮತ್ತೆ ಒರೆಸಿದ. "ಬ್ಯಾಡ್ರೀ, ನನ್ನ ಎಂಜಲ ಐತಿ. ಮಂದಿ ಏನಂದಾರು?"

"ಲೇ, ಇಲ್ಲೆ ಮಂದಿ ಎಲ್ಲ್ಯದಾರ? ಬರೇ ಎಮ್ಮಿ ಅದಾವ. ನೀ ನಡಿ ಆ ಕಡಿ" ಎಂದು ಕಸಿದುಕೊಂಡು ಊದಿದೆ. ಅವನು ದೂರದ ಬಂಡೆಯ ಮೇಲೆ ಕುಳಿತವನು ಎಷ್ಟು ಹೊತ್ತಾದರೂ ಏಳಲಿಲ್ಲ. ಕೊನೆಗೆ ಕಣ್ಣೊರೆಸಿಕೊಳ್ಳುತ್ತ ಬಂದ.

"ಜಾಲೀದ ಇರ್ಲಿ ಸಾವ್ಕಾರ್ರ. ನೀವು ಊದೂದು ಥೇಟ್ ನಮ್ಮಪ್ಪ ಊದಿದಂಗ ಐತಿ."

ನನಗೂ ಅಳು ಬಂತು. ಯಾಕೆ ಮುಚ್ಚಿಡಲಿ?

ನಮ್ಮ ತಂದೆ ತೀರಿದ ಮೇಲೆ ನನ್ನನ್ನು ಸಾಕಿದವರು ಅಣ್ಣನವರು. ಇಂದಿನವರೆಗೆ ಅವರನ್ನು ಬಿಟ್ಟು ನಾನು ಉಂಡವನಲ್ಲ. ಈ ಮಾತು ಕೇಳಿದ ಮೇಲೆ ಅವರು ನನ್ನ ಪಂಕ್ತಿಯಲ್ಲಿ ಕೂಡದೆ ಹೋದಾರು ಎಂದು ನನಗೆ ಭಯವಿದೆ, ಭಾಳ ಭಯವಿದೆ. ಆದರೆ ನನ್ನ ಗುರುಗಳ ಮಗನಿಗೆ ಸುಳ್ಳು ಹೇಳಿಕೊಂಡು ಸನಾದಿ ಕೊಡಲಾರೆ.

ಗ್ಯಾನಪ್ಪ, ಮ್ಯಾಲ ಬಾ. ಮೊದಲ ನೀ ಊದು. ಆಮ್ಯಾಲ ಪೀಪಿ ಒರಸದಂಗ ನನ್ನ ಕೈಯಾಗ ಕೊಡು.

ಸಂಘದವರಿಗೆ, ಶಫೀಸಾಬರಿಗೆ, ಬಣ್ಣ ಹಚ್ಚಿದ ಕುಬೇರಪ್ಪನಿಗೆ ನನ್ನ ಕೃತಜ್ಞತೆಗಳು. ಅಧ್ಯಕ್ಷರು ಎದ್ದು ಹೋಗಲಿಲ್ಲ. ಸರಿಯಾಗಿ ಕೇಳಲೆಂದು ಕುರ್ಚಿಯನ್ನು ಇತ್ತ ಎಳೆದುಕೊಳ್ಳುತ್ತಿದ್ದಾರೆ. ಅಣ್ಣಾ, ನಿಮಗೆ ನಮಸ್ಕಾರ. ಎಲ್ಲರಿಗೂ ನಮಸ್ಕಾರ.