ಮಳೆರಜೆಯ ಸಂಬಳ

ಹೊಸಂಗಡಿಯ ಬಸ್‌ಸ್ಟಾಪಿನಲ್ಲಿ ಜೋರು ಮಳೆ. ನನ್ನ ಬೆನ್ನ ಹಿಂದೆ ನಿಂತ ಹೆಂಗಸು ಪಕ್ಕದ ಹುಡುಗಿಯನ್ನು ಮಾತಿಗೆ ಹಿಡಿದುಕೊಂಡಿದ್ದರು.

"ಸೌಮ್ಯಾ, ನಮ್ಮ ಮಗಳನ್ನೂ ನಿನ್ನ ಹಾಗೆ ಸ್ಪೆಷಲ್ ಬಿ.ಎಡ್.ಗೆ ಸೇರಿಸುವುದಾ ಅಂತ. ಫೀಸಿಗೆ ನನ್ನ ಚಿನ್ನದ ಬಳೆ ಅಡವಿಗೆ ಹೋಗ್ತದೆ. ವಾಪಸ್ ಬರ್ತದಾ?"

"ಅದನ್ನು ಕಲೆಕ್ಟರನ್ನೇ ಕೇಳಬೇಕು, ಸುಬ್ಬಲಕ್ಷ್ಮಕ್ಕ."

"ಕಲೆಕ್ಟರಿಗೂ ನನ್ನ ಬಳೆಗೂ ಎಂತ ಸಂಬಂಧ?"

"ವಿಶೇಷ ಮಕ್ಕಳಿಗೆ ಕಲಿಸುವುದಾದರೂ ನಂದು ದಿನಗೂಲಿಯ ಟೀಚರ್ ಕೆಲಸ. ಮಳೆ ಅಂತ ಕಲೆಕ್ಟರ್ ಶಾಲೆಗೆ ರಜೆ ಕೊಟ್ಟರೆ ನನಗೆ ಆ ದಿನದ ಸಂಬಳ ಇಲ್ಲ."

"ಹಾಗಾದರೆ ಶನಿವಾರ, ಆದಿತ್ಯವಾರ ಮಾತ್ರ ಮಳೆ ಬರಲಿ ಅಂತ ಮಧೂರು ದೇವಸ್ಥಾನಕ್ಕೆ ಅಪ್ಪದ ಹರಕೆ ಹೇಳು ಮಾರಾಯ್ತಿ."

"ಹೇಳಿದ್ದೇನೆ. ಶಾಲೆಯ ಮಕ್ಕಳು ಸೋಮವಾರವೇ ಮಳೆ ಬರಲಿ ಅಂತ ಹರಕೆ ಹೇಳಿದ್ದಾರೆ. ಅವರೇ ಜಾಸ್ತಿ ಜನ."

ನಗು ನುಂಗಲು ನಾನು ಕೆಮ್ಮಿದೆ. ಇಬ್ಬರೂ ಸ್ವಲ್ಪ ದೂರ ಸರಿದರು, ದನಿ ಮಾತ್ರ ತಗ್ಗಿಸಲಿಲ್ಲ.

"ಮಕ್ಕಳಲ್ಲಿ ನಿನ್ನ ಕಡೆಗೆ ಯಾರೂ ಇಲ್ವಾ?"

"ಒಬ್ಬ ಇದ್ದಾನೆ, ನನ್ನ ಕ್ಲಾಸಿನ ಇರ್ಷಾದ್. ರಜೆ ಅಂದರೆ ಸಾಕು, ಅಳ್ತಾನೆ."

ಸೌಮ್ಯಳ ಫೋನ್ ಟಿಣ್ ಅಂದಿತು.

"ಕೊಟ್ಟರು. ನಾಳೆ ರಜೆ."

"ಅಯ್ಯೋ ದೇವರೇ! ಇನ್ನು ನಾಳೆ ಎಂತ ಮಾಡ್ತಿ?"

"ಇರ್ಷಾದ್‌ನ ಮನೆಗೆ ಹೋಗ್ತೇನೆ. ಇಲ್ಲದಿದ್ದರೆ ಅವನು ಬ್ಯಾಗ್ ಹಾಕಿಕೊಂಡು ಗೇಟಿನಲ್ಲೇ ನಿಂತಿರ್ತಾನೆ."

"ಅದಕ್ಕೆ ಸಂಬಳ ಉಂಟಾ?"

"ಉಂಟು. ಅವನ ಕೈಯಿಂದ ಅರ್ಧ ಬಿಸ್ಕೆಟ್."

ಬಸ್ಸು ಬಂತು. ಸುಬ್ಬಲಕ್ಷ್ಮಕ್ಕ ಹತ್ತುವಾಗ ಕಂಬಿಗೆ ಬಳೆ ತಾಗಿ ಸದ್ದಾಯಿತು. ಅವರು ಮೆಟ್ಟಿಲಲ್ಲೇ ತಿರುಗಿ ನಿಂತರು.

"ಅರ್ಧವಾ?"

"ಹೋದ ವರ್ಷ ಬರೀ ಕಾಲು ಬಿಸ್ಕೆಟ್ ಇದ್ದದ್ದು, ಅಕ್ಕ. ಜಾಸ್ತಿ ಆಗ್ತಾ ಉಂಟು."