ಎಷ್ಟು ಬೆರಳು?

ಒಂದೇ ಡೈಲಾಗ್‌ನಲ್ಲಿ ಇಡೀ ಸೀನ್ ತಿರುಗಿಸಿದ ಹೀರೋನನ್ನು ನೋಡಿದ್ದೀರಾ? ನೋಡಿಲ್ಲದಿದ್ದರೆ ಈಗ ನೋಡಿ, ನಾನೇ! ರೋಣದಲ್ಲಿ ನೌಕರಿ ಪರೀಕ್ಷೆಗೆ ಸಾಲು ನಿಂತಿದ್ದೆವು. ನನ್ನ ಮುಂದೆ ದಪ್ಪ ಕನ್ನಡಕದ ಪ್ರಬುದ್ಧ, ಪಕ್ಕದಲ್ಲಿ ಅವನ ಪರವಾಗಿ ಬರೆಯಲು ಬಂದ ನೀಲಾ. ಗೇಟಿನಲ್ಲಿ ಮೇಲ್ವಿಚಾರಕರು ತಡೆದರು.

“ಈಕಿ ಯಾಕ?”

“ನಾ ಹೇಳತೀನ್ರಿ, ಈಕಿ ಬರೀತಾಳ. ನನಗ ಅಕ್ಷರ ಕಾಣಂಗಿಲ್ರಿ.”

“ಹಾಲ್ ಟಿಕೆಟ್‌ನ್ಯಾಗ ನಿಮ್ಮೂರು ಲಕ್ಕಲಕಟ್ಟಿ ಅಂತೈತಿ. ಅಲ್ಲಿಂದ ಬರೂ ಬಸ್ ಹ್ಯಾಂಗ ಕಂಡ್ತು?”

“ನೀಲಾ ಕರಕೊಂಡ ಬಂದಾಳ್ರಿ. ಪೂರಾ ಕುರುಡ ಇರಬೇಕಂತಿಲ್ರಿ ಸರ. ಮಂದದೃಷ್ಟಿನೂ ಅಂಗವಿಕಲರ ಹೊಸ ಕಾಯ್ದೇದಾಗ ಐತ್ರಿ. ಬರಿಯಾವ್ರನ್ನ ಕೊಡಬೇಕಂತ ಸುಪ್ರೀಂ ಕೋರ್ಟೂ ಹೇಳೇತ್ರಿ. ಕಾರ್ಡ್ ನೋಡ್ರಿ.”

“ಕೋರ್ಟ್ ದಿಲ್ಲ್ಯಾಗೈತಿ. ಇಲ್ಲಿ ನಾ ಅದೀನಿ. ಇವು ಎಷ್ಟು ಬೆರಳು, ಹೇಳು.”

“ಸರ, ಸಣ್ಣಾಂವ ಸಾಲಿಗೆ ಹೋಗೂವಾಗಿಂದ ಎಲ್ಲಾರೂ ಇದನ್ನ ಕೇಳ್ಯಾರ್ರಿ...”

“ಎಷ್ಟು?”

“ಮೂರು.”

“ಕಂಡ್ತಲಾ! ಏ ಹುಡುಗಿ, ನಡಿ ಹೊರಗ.”

“ಅದನ್ನ ನಾ ಅನ್ನಲಿಲ್ರಿ ಸರ!”

ಸಾಲು ಗೊಳ್ಳೆಂದು ನಕ್ಕಿತು.

“ಮತ್ತ ನಿಮ್ಮಪ್ಪ ಅಂದನೇನು?”

“ಖರೇ ಹೇಳತೀನ್ರಿ. ಈ ಸಲ ಹೋತಂದ್ರ ನನ್ನ ವಯಸ್ಸು ಮೀರತೈತ್ರಿ.”

“ಹಂಗಾರ ಲಗೂ ಹೋಗಿ ಬರಿ.”

ನೀಲಾಳನ್ನು ಗೇಟಿನಾಚೆ ಕಳಿಸಿದರು. ಪ್ರಬುದ್ಧ ಗೋಡೆ ಸವರುತ್ತಾ ಒಬ್ಬನೇ ಒಳಗೆ ಹೋದ.

ನಿಜ ಹೇಳಬೇಕೆಂದರೆ, ಆ “ಮೂರು” ಅವನದಲ್ಲ. ಸಾಲು ನಗಲಿ ಅಂತ ಅವನ ಬೆನ್ನ ಹಿಂದೆ ಬಗ್ಗಿ, ಅವನದೇ ದನಿ ತೆಗೆದು ಹೇಳಿದವನು ನಾನು. “ನಾ ಅನ್ನಲಿಲ್ರಿ” ಅಂತ ಅವನು ಕೂಗಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನೂ ನಾನೇ.